ಸಾಮರಸ್ಯದ ಗುಡಿಯ ಬುನಾದಿಯಲ್ಲಿ ಯಾರ ಹೆಣವಿದೆ?

"ನಿನಗ್ಯಾಕಲೇ ರೋಮು? ಹುಲಿಹೈದರದಾಗ ಹುಟ್ಟಿದವಗ ಹುಲಿಹೈದರ ಸಾಕಾಗಂಗಿಲ್ಲೇನು?"

ಕಾಲೇಜಿನ ಗ್ರಂಥಾಲಯದಲ್ಲಿ ರೋಮನ್ ಇತಿಹಾಸದ ಪುಸ್ತಕ ಬೇಕೆಂದು ಚೀಟಿ ಕೊಟ್ಟಾಗ ನನಗೆ ಸಿಕ್ಕ ಉತ್ತರ ಇದು. ಚೀಟಿಯ ಮೇಲೆ ನನ್ನ ಅಡ್ಡಹೆಸರು ಇತ್ತು. ಅದನ್ನು ಓದಿದ ಮೇಲೆ ಆ ಮನುಷ್ಯ ಪುಸ್ತಕವನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ದೂಡಿದ. ಕೈಗೆ ಕೈ ತಾಗಬಾರದಲ್ಲ! ಎರಡು ಸಾವಿರ ವರ್ಷದ ಹಿಂದಿನ ರೋಮಿಗೂ ಮಾದಿಗರ ಹುಡುಗನ ಮೈಲಿಗೆ ತಾಗುತ್ತದೆಂದು ಅವನು ನಂಬಿದ್ದ.

ನನಗ್ಯಾಕೆ ರೋಮು ಅನ್ನುವುದನ್ನು ಇವತ್ತು ಹೇಳುತ್ತೇನೆ. ಕೇಳುವ ಎದೆ ಇದ್ದವರು ಕೇಳಿ.

ಪರೀಕ್ಷೆಗೆಂದು ನಿಮ್ಮ ಮಕ್ಕಳು ಬಾಯಿಪಾಠ ಮಾಡುವ ರೋಮ್ ನನಗೂ ಗೊತ್ತು. ಕ್ರಿ.ಪೂ. 753ರಲ್ಲಿ ರೊಮುಲಸ್ ಊರು ಕಟ್ಟಿದನೆಂಬ ಐತಿಹ್ಯ. 509ರಲ್ಲಿ ರಾಜರನ್ನು ಓಡಿಸಿ ಗಣರಾಜ್ಯ. 44ರಲ್ಲಿ ಸೀಸರನ ಕೊಲೆ. 27ರಲ್ಲಿ ಆಗಸ್ಟಸ್‌ನ ಪಟ್ಟ. ಕ್ರಿ.ಶ. 476ರಲ್ಲಿ ಪಶ್ಚಿಮದ ಕೊನೆಯ ಚಕ್ರವರ್ತಿಯ ಪದಚ್ಯುತಿ. ಐದು ಇಸವಿ, ಐದು ಅಂಕ. ಈ ರೋಮಿನಲ್ಲಿ ಉತ್ತವನಿಲ್ಲ, ಗಣಿಗೆ ಇಳಿದವನಿಲ್ಲ, ಸಾಲಕ್ಕೆ ಮೈ ಮಾರಿಕೊಂಡವನಿಲ್ಲ. ಪಟ್ಟ ಏರಿದವರು ಮತ್ತು ಪಟ್ಟ ಇಳಿದವರು, ಅಷ್ಟೇ.

ಆ ರೋಮ್ ನಮ್ಮ ನೆಲಕ್ಕೂ ಬಂದಿದೆ. 1891ರಲ್ಲಿ ಯಶವಂತಪುರದಲ್ಲಿ ರೈಲು ದಾರಿಗೆಂದು ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1947ರಲ್ಲಿ ಪುರಾತತ್ವಜ್ಞ ವೀಲರ್ ಚಿತ್ರದುರ್ಗದ ಚಂದ್ರವಳ್ಳಿಯನ್ನು ಅಗೆಸಿದಾಗ ತಿಬೇರಿಯಸ್ ಚಕ್ರವರ್ತಿಯ ನಾಣ್ಯ ಬಂತು. ಅಕ್ಕಿಆಲೂರಿನಲ್ಲಿ ಚಿನ್ನದ್ದೇ ಸಿಕ್ಕಿತು. ಪಂಡಿತರು ನಾಣ್ಯದ ಮೇಲಿನ ಮುಖವನ್ನು ಭೂತಗನ್ನಡಿ ಹಿಡಿದು ನೋಡಿದರು. ಯಾವ ರಾಜ, ಯಾವ ವರ್ಷ, ಯಾವ ಟಂಕಸಾಲೆ ಎಂದು ಪುಟಗಟ್ಟಲೆ ಬರೆದರು. ಸಲಿಕೆ ಹಿಡಿದು ಅದನ್ನು ಮಣ್ಣಿನಿಂದ ಎತ್ತಿದ ಕೂಲಿಯವನ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ಬೆಳ್ಳಿ ಎಲ್ಲಿಂದ ಬಂತು? ಸ್ಪೇನಿನ ಹೊಸ ಕಾರ್ಥೇಜಿನ ಬೆಳ್ಳಿ ಗಣಿಗಳಲ್ಲಿ 40,000 ಜನ ದುಡಿಯುತ್ತಿದ್ದರೆಂದು ಇತಿಹಾಸಕಾರ ಪೊಲಿಬಿಯಸ್ ಲೆಕ್ಕ ಬರೆದಿಟ್ಟಿದ್ದಾನೆ. ಅಂಥ ಗಣಿಗಳಲ್ಲಿ ಇಳಿದವರು ಗುಲಾಮರು. ಇತ್ತ ನಮ್ಮ ಮಗ್ಗುಲಿನ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರು ಚಿನ್ನಕ್ಕಾಗಿ 600 ಅಡಿ ಆಳಕ್ಕೆ ಇಳಿದಿದ್ದರು. ಯಂತ್ರವಿಲ್ಲ, ವಿದ್ಯುತ್ತಿಲ್ಲ. ಆ ಕತ್ತಲೆಗೆ ಇಳಿದವರು ಅರಸರಲ್ಲ, ಪುರೋಹಿತರಲ್ಲ. ಅತ್ತಲ ಗಣಿಯವನಿಗೂ ಇತ್ತಲ ಗಣಿಯವನಿಗೂ ಶಾಸನ ಹಾಕಿಸಿದವರು ಯಾರೂ ಇಲ್ಲ. ಚಕ್ರವರ್ತಿಯ ಮೂಗು ಮಾತ್ರ ಬೆಳ್ಳಿಯಲ್ಲಿ ಇನ್ನೂ ಸವೆಯದೆ ಉಳಿದಿದೆ.

ನನಗೆ ಇನ್ನೊಂದು ರೋಮನ್ನು ತೋರಿಸಿದವರು ಬಾಬಾಸಾಹೇಬರು. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದವರು ಕರೆದು, ಮಾತಿನ ಖಾರ ತಡೆಯಲಾರದೆ ಕೈಬಿಟ್ಟ ಆ ಭಾಷಣದಲ್ಲಿ, 'ಜಾತಿ ವಿನಾಶ'ದಲ್ಲಿ, ಅಂಬೇಡ್ಕರ್ ರೋಮಿನ ಪ್ಲೀಬಿಯನ್ನರನ್ನು ಕರೆತರುತ್ತಾರೆ. ತಮ್ಮವನೇ ಕಾನ್ಸಲ್ ಎಂಬ ಆಳುವ ಅಧಿಕಾರಿ ಆಗಬೇಕೆಂದು ಹೋರಾಡಿ ಗೆದ್ದ ಕೆಳಜನ ಅವರು. ಗೆದ್ದರೂ ಗಟ್ಟಿ ಮನುಷ್ಯನೊಬ್ಬ ಅವರಿಗೆ ದಕ್ಕಲಿಲ್ಲ. ಆರಿಸಿದವನನ್ನು ಡೆಲ್ಫಿಯ ದೈವ ಒಪ್ಪಬೇಕಿತ್ತು, ದೈವದ ಬಾಯಿ ಪುರೋಹಿತರ ಕೈಯಲ್ಲಿತ್ತು ಎನ್ನುತ್ತಾರೆ ಅವರು. ಮೇಲಿನವರಿಗೆ ಬಗ್ಗುವವನನ್ನೇ ದೈವ ಒಪ್ಪಿತು. ದೈವದ ಮೇಲಿನ ನಂಬಿಕೆಗಾಗಿ ಜನ ಗೆದ್ದದ್ದನ್ನು ಬಿಟ್ಟುಕೊಟ್ಟರು.

ಅದನ್ನು ಓದಿದ ದಿನ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಕನಕಗಿರಿ ಮೀಸಲು ಕ್ಷೇತ್ರ. ದೇಶದ ತುಂಬ ಇಂಥ ಮೀಸಲು ಕ್ಷೇತ್ರಗಳಿವೆ. ಕುರ್ಚಿ ನಮಗೆ ಮೀಸಲು, ಕುರ್ಚಿಗೆ ಯಾರನ್ನು ಕೂರಿಸಬೇಕೆಂಬ ತೀರ್ಮಾನ ಮೀಸಲಿಲ್ಲದವರ ಪಡಸಾಲೆಯಲ್ಲಿ! 1932ರ ಪುಣೆ ಒಪ್ಪಂದದಲ್ಲಿ ನಮ್ಮಿಂದ ಕಿತ್ತುಕೊಂಡದ್ದು ನಮ್ಮವನನ್ನು ನಾವೇ ಆರಿಸುವ ಈ ಹಕ್ಕನ್ನೇ. ಕೇರಿಗೆ ಬೆಂಕಿ ಬಿದ್ದಾಗಲೂ ಬಾಯಿ ಬಿಡದವನು ಎಲ್ಲರಿಗೂ ಒಪ್ಪಿತ. ಬಾಯಿ ಬಿಟ್ಟವನಿಗೆ ಮುಂದಿನ ಸಲ ಟಿಕೆಟ್ಟಿಲ್ಲ.

ಡೆಲ್ಫಿ ದೂರವಿಲ್ಲ.

ಕ್ರಿ.ಪೂ. 495-494. ಸಾಲದಲ್ಲಿ ಮುಳುಗಿದ ರೋಮಿನ ಬಡವರ ನಡುವೆ ಒಬ್ಬ ಮುದುಕ ಬಂದು ನಿಂತನೆಂದು ರೋಮಿನ ಇತಿಹಾಸಕಾರ ಲಿವಿ ಬರೆಯುತ್ತಾನೆ. ಎದೆಯ ಮೇಲೆ ದೇಶಕ್ಕಾಗಿ ಕಾದಿದ ಗಾಯ, ಬೆನ್ನ ಮೇಲೆ ಸಾಲಕೊಟ್ಟವನು ಬಾರಿಸಿದ ಬಾಸುಂಡೆ. ಜನ ಕೆರಳಿದರು. ದುಡಿಯುವ ಜನ, ಯುದ್ಧಕ್ಕೆ ಹೋಗುವ ಜನ ಒಟ್ಟಾಗಿ ಊರು ಬಿಟ್ಟು ಗುಡ್ಡ ಏರಿ ಕೂತರು. ನಿಮ್ಮ ಹೊಲ ನೀವೇ ಉತ್ತುಕೊಳ್ಳಿರಿ, ನಿಮ್ಮ ಯುದ್ಧ ನೀವೇ ಮಾಡಿರಿ! ಮೇಲಿನವರು ನಡುಗಿ ಮೆನೇನಿಯಸ್ ಅಗ್ರಿಪ್ಪ ಎಂಬ ಮಾತುಗಾರನನ್ನು ಕಳಿಸಿದರು. ಅವನು ಕಥೆ ಹೇಳಿದ. ಕೈ, ಬಾಯಿ, ಹಲ್ಲು ಸೇರಿ ಹೊಟ್ಟೆಯ ವಿರುದ್ಧ ಮುಷ್ಕರ ಹೂಡಿದವಂತೆ. ಹೊಟ್ಟೆ ಬಡವಾದಾಗ ಇಡೀ ಮೈ ಸೊರಗಿತಂತೆ. ಹಿರಿಯರ ಸಭೆಯಾದ ಸೆನೆಟ್ಟೆಂದರೆ ಹೊಟ್ಟೆ, ನೀವು ಕೈಕಾಲು, ಇಳಿದು ಬನ್ನಿ ಎಂದ.

ಈ ಮೈಯ ಕಥೆಯನ್ನು ನಮಗೂ ಹೇಳಿದ್ದಾರೆ. ಋಗ್ವೇದದ ಹತ್ತನೇ ಮಂಡಲದಲ್ಲಿ ಹೇಳಿದ್ದಾರೆ: ಬಾಯಿಂದ ಒಬ್ಬ, ತೋಳಿಂದ ಒಬ್ಬ, ತೊಡೆಯಿಂದ ಒಬ್ಬ, ಪಾದದಿಂದ ಒಬ್ಬ. ನಮ್ಮನ್ನು ಪಾದದಲ್ಲೂ ಸೇರಿಸಲಿಲ್ಲ, ಮೈಯಿಂದಲೇ ಹೊರಗಿಟ್ಟರು. ರೋಮಿನ ಬಡವರು ಕಥೆ ಕೇಳಿದರು, ಆದರೆ ಬರೀ ಕಥೆ ಕೇಳಿ ಗುಡ್ಡ ಇಳಿಯಲಿಲ್ಲ. ತಮ್ಮ ಪರ ನಿಲ್ಲುವ ತ್ರಿಬೂನರನ್ನು ಪಡೆದೇ ಇಳಿದರು. ಆ ತ್ರಿಬೂನನ ಮೈ ಮುಟ್ಟಿದವನ ತಲೆ ಹೋಗುತ್ತದೆಂಬ ಶಪಥ ಮಾಡಿ ಇಳಿದರು. ನಾವು ಕಥೆ ಕೇಳಿ ಕೈಮುಗಿದೆವು. ನಮ್ಮಲ್ಲಿ ಗುಡ್ಡ ಏರುವವರು ಒಟ್ಟಾಗದಂತೆ ಒಬ್ಬೊಬ್ಬರ ತಲೆಯ ಮೇಲೆ ಒಬ್ಬೊಬ್ಬರ ಕಾಲಿಟ್ಟು ಮೆಟ್ಟಿಲು ಕಟ್ಟಿದ್ದಾರೆ. ಬಾಬಾಸಾಹೇಬರು ಇದನ್ನೇ ಶ್ರೇಣೀಕೃತ ಅಸಮಾನತೆ ಎಂದರು. ನಮ್ಮ ಕಡೆಯ ಜನ ಈಗಲೂ ಪ್ರತಿ ವರ್ಷ ಊರು ಬಿಡುತ್ತಾರೆ. ಮಳೆ ಕೈಕೊಟ್ಟಾಗ ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ಆಗ ಯಾವ ಸೆನೆಟ್ಟೂ ನಡುಗುವುದಿಲ್ಲ. ಒಟ್ಟಾಗಿ ಏರಿದ ಗುಡ್ಡಕ್ಕೆ ಬೆದರುತ್ತಾರೆ, ಒಬ್ಬೊಬ್ಬರಾಗಿ ಹತ್ತಿದ ಬಸ್ಸಿಗೆ ಬೆದರುವುದಿಲ್ಲ.

ಸಾಲದ ಮಾತು ಬಂತು. ಕ್ರಿ.ಪೂ. 451-450ರಲ್ಲಿ ರೋಮ್ ತನ್ನ ಕಾನೂನನ್ನು ಹನ್ನೆರಡು ಫಲಕಗಳಲ್ಲಿ ಬರೆಸಿತು. ಅದನ್ನು ನಾಗರಿಕತೆಯ ಮೈಲಿಗಲ್ಲು ಅನ್ನುತ್ತಾರೆ. ಆ ಮೈಲಿಗಲ್ಲಿನ ಮೇಲೆ ಏನಿತ್ತು? ಸಾಲಗಾರನಿಗೆ 30 ದಿನದ ಗಡುವು. ಆಮೇಲೆ ಸರಪಳಿ. ಆಮೇಲೆ ಟೈಬರ್ ನದಿಯಾಚೆ ಮಾರಾಟ. ಕ್ರಿ.ಪೂ. 326ರ ಸುಮಾರಿಗೆ ಪುಬ್ಲಿಲಿಯಸ್ ಎಂಬ ಹುಡುಗ ಅಪ್ಪನ ಸಾಲಕ್ಕೆ ತಾನು ಜೀತಕ್ಕೆ ನಿಂತ. ಸಾಹುಕಾರ ಅವನ ಮೈ ಬಯಸಿದ. ಒಪ್ಪದಿದ್ದಾಗ ಬೆತ್ತಲೆ ಮಾಡಿ ಹೊಡೆಸಿದ. ಹುಡುಗ ನೆತ್ತರು ಸುರಿಸುತ್ತ ಬೀದಿಗೆ ಓಡಿಬಂದ. ಜನ ಅವನನ್ನು ಸೆನೆಟ್ಟಿನ ಬಾಗಿಲಿಗೆ ಕರೆದೊಯ್ದು, ಒಳಗೆ ಹೋಗುವ ಒಬ್ಬೊಬ್ಬ ಹಿರಿಯನಿಗೂ ಆ ಬೆನ್ನು ತೋರಿಸಿದರು. ಸಾಲಕ್ಕೆ ಮೈ ಕಟ್ಟುವ ಪದ್ಧತಿ ಅಲ್ಲಿಗೆ ನಿಂತಿತೆಂದು ಲಿವಿ ಹೇಳುತ್ತಾನೆ.

ನಮ್ಮಪ್ಪ ಜೀತಕ್ಕಿದ್ದ. ಅಜ್ಜನ ಮಣ್ಣಿಗೆಂದು ತಂದ ಸಾಲ. ಅಜ್ಜ ಮಣ್ಣಾದ, ಸಾಲ ಆಗಲಿಲ್ಲ. ಬೆಳಗಿನ ಜಾವ ದನದ ಕೊಟ್ಟಿಗೆಯಲ್ಲಿ ಎದ್ದು, ರಾತ್ರಿ ಅದೇ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ಎತ್ತು ಕುಂಟಿದರೆ ಸಾಹುಕಾರ ವೈದ್ಯನನ್ನು ಕರೆಸುತ್ತಿದ್ದ. ಅಪ್ಪ ಕುಂಟಿದರೆ, "ಏಳಲೇ, ನಾಟಕ ಮಾಡಬ್ಯಾಡ" ಅನ್ನುತ್ತಿದ್ದ. ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ, ಗಂಡನ ಮುಖ ನೋಡಲು ಹಿತ್ತಲ ಬಾಗಿಲಲ್ಲಿ ನಿಲ್ಲಬೇಕಿತ್ತು. ಜೀತ ರದ್ದತಿ ಕಾಯ್ದೆ 1976ರಲ್ಲಿ ಬಂತು. ದೆಹಲಿಗೆ ಬಂತು, ಬೆಂಗಳೂರಿಗೆ ಬಂತು. ಆ ಕೊಟ್ಟಿಗೆಗೆ ಅದು ಬಂದಾಗ ನನಗೆ ಮೀಸೆ ಮೂಡುತ್ತಿತ್ತು.

ನಮ್ಮಪ್ಪನ ಬೆನ್ನನ್ನು ಯಾವ ಸೆನೆಟ್ಟಿನ ಬಾಗಿಲಲ್ಲಿ ತೋರಿಸಬೇಕಿತ್ತು, ಹೇಳಿ.

ಅದೇ ಹನ್ನೆರಡು ಫಲಕಗಳು ಮೇಲಿನವರೂ ಕೆಳಗಿನವರೂ ಮದುವೆಯಾಗಕೂಡದೆಂದು ಕಟ್ಟಳೆ ಮಾಡಿದ್ದವು. ಕ್ರಿ.ಪೂ. 445ರಲ್ಲಿ ಕನುಲಿಯಸ್ ಎಂಬ ತ್ರಿಬೂನ ಎದ್ದು ನಿಂತ. ರಕ್ತ ಕೆಡುತ್ತದೆ, ದೇವರ ಶಕುನ ಕೆಡುತ್ತದೆ ಎಂದು ಮೇಲಿನವರು ಬೊಬ್ಬೆ ಹೊಡೆದರು. ಬೊಬ್ಬೆಯ ನಡುವೆಯೇ ಕಟ್ಟಳೆ ಬಿತ್ತು. ಇಲ್ಲಿ? ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದರು. ಬೀಗರಿಬ್ಬರನ್ನೂ ಎಳೆಹೂಟೆಗೆ ಕಟ್ಟಿ ಕೊಂದರೆಂದು ಪರಂಪರೆ ಹೇಳುತ್ತದೆ. ಕಲ್ಯಾಣ ಹೊತ್ತಿ ಉರಿಯಿತು, ಶರಣರು ಚದುರಿದರು. 2019ರಲ್ಲಿ ನಮ್ಮ ಯಲಬುರ್ಗಾ ಸೀಮೆಗೆ ಅಂಟಿಕೊಂಡ ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾದ ಗಂಡಹೆಂಡಿರನ್ನು ಕಲ್ಲಿನಿಂದ ಜಜ್ಜಿ ಕೊಂದರು. ಪ್ರತಿ ವರ್ಷ ಬಸವ ಜಯಂತಿಗೆ ಮೆರವಣಿಗೆ ತೆಗೆಯುವ ನಾಡು ಇದು. ಮಂಟಪದಲ್ಲಿ ಬಸವಣ್ಣನನ್ನು ಕೂರಿಸುವ ನೀವು, ಬಸವಣ್ಣ ಮಾಡಿಸಿದ ಮದುವೆಯನ್ನು ನಿಮ್ಮ ಮನೆಯ ಚಪ್ಪರದಲ್ಲಿ ಮಾಡಿಸುತ್ತೀರಾ?

ಇನ್ನು ಹೊಲ. ಎಲ್ಲದರ ಬೇರು ಹೊಲ.

ತಿಬೇರಿಯಸ್ ಗ್ರಾಕಸ್ ಹುಟ್ಟಿನಿಂದ ದೊಡ್ಡ ಮನೆತನದವನು. ಎತ್ರೂರಿಯದ ದಾರಿಯಲ್ಲಿ ಹೋಗುವಾಗ ಉಳುವ ರೈತರು ಕಾಣದೆ, ಹೊರನಾಡಿನಿಂದ ಹಿಡಿದು ತಂದ ಗುಲಾಮರೇ ಹೊಲ ತುಂಬಿರುವುದನ್ನು ಕಂಡನಂತೆ. ಕ್ರಿ.ಪೂ. 133ರಲ್ಲಿ ತ್ರಿಬೂನನಾಗಿ ಕಾನೂನು ತಂದ: ಸಾರ್ವಜನಿಕ ಭೂಮಿಯಲ್ಲಿ ಒಬ್ಬನ ವಶದಲ್ಲಿ 500 ಯುಗೇರ, ಅಂದರೆ ಸುಮಾರು 300 ಎಕರೆ ಮೀರಿ ಇರಬಾರದು, ಮಿಕ್ಕದ್ದನ್ನು ಬಡವರಿಗೆ ಹಂಚಬೇಕು. ಹೊಸದಾಗಿ ಏನೂ ಕೇಳಲಿಲ್ಲ, ಹಳೆಯ ಮಿತಿಯನ್ನೇ ಪಾಲಿಸಿ ಎಂದ. ಅಷ್ಟಕ್ಕೇ ಸೆನೆಟ್ಟಿನ ಹಿರಿಯರು ಬೆಂಚಿನ ಕಾಲು ಮುರಿದು ಕೈಯಲ್ಲಿ ಹಿಡಿದು ಬಂದರು. ಮುಂದೆ ನಿಂತವನು ನಾಸಿಕಾ, ರೋಮಿನ ಮಹಾಪುರೋಹಿತ. ಮೇಲುಡುಗೆಯನ್ನು ತಲೆಯ ಮೇಲೆ ಎಳೆದುಕೊಂಡು ಬಂದ. ತಿಬೇರಿಯಸ್‌ನನ್ನೂ ಅವನ ಜೊತೆಗಿದ್ದ 300ಕ್ಕೂ ಹೆಚ್ಚು ಜನರನ್ನೂ ಬಡಿದು ಕೊಂದು, ಹೆಣಗಳನ್ನು ರಾತ್ರೋರಾತ್ರಿ ಟೈಬರಿಗೆ ಎಸೆದರು. ತಮ್ಮ ಬೇಡಿದರೂ ಅಣ್ಣನ ಹೆಣ ಕೊಡಲಿಲ್ಲ. ತ್ರಿಬೂನನ ಮೈ ಮುಟ್ಟಬಾರದೆಂಬ ಶಪಥ ಎಲ್ಲಿ ಹೋಯಿತು? ಹೊಲದ ಪ್ರಶ್ನೆ ಬಂದಾಗ ಯಾವ ಶಪಥವೂ ಉಳಿಯುವುದಿಲ್ಲ. ರೋಮಿನ ಗಣರಾಜ್ಯ ಸತ್ತದ್ದು ಸೀಸರನಿಂದ ಎಂದು ನಿಮ್ಮ ಪುಸ್ತಕ ಹೇಳುತ್ತದೆ. ಬಡವನಿಗೆ ಹೊಲ ಕೇಳಿದವನನ್ನು ಬೆಂಚಿನ ಕಾಲಿನಿಂದ ಬಡಿದ ದಿನವೇ ಅದು ಸತ್ತಿತ್ತು.

ನಮ್ಮಲ್ಲಿ 1951ರಲ್ಲಿ ಕಾಗೋಡಿನ ರೈತರು ಎದ್ದರು. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಉಳುವವನೇ ಹೊಲದೊಡೆಯನೆಂಬ ಕಾನೂನು ಜಾರಿಗೆ ಬಂತು. ಆ ಕಾನೂನಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಗೇಣಿ ಚೀಟಿ ಯಾರ ಹತ್ತಿರ ಇತ್ತು? ಮಾದಿಗ ಗೇಣಿದಾರನಾಗಿದ್ದನೇ? ಅವನಿಗೆ ಗೇಣಿಗೆ ಹೊಲ ಕೊಡುವವರು ಎಷ್ಟು ಮಂದಿ ಇದ್ದರು? ಗೇಣಿದಾರ ಒಡೆಯನಾದ, ಕೂಲಿ ಕೂಲಿಯಾಗೇ ಉಳಿದ. ತುಂಗಭದ್ರೆಯ ಕಾಲುವೆ ಬಂದು ಗಂಗಾವತಿ ಭತ್ತದ ಕಣಜವಾಯಿತು. ಆ ಕಣಜದಲ್ಲಿ ಬಗ್ಗಿ ಸಸಿ ನೆಟ್ಟ ನಮ್ಮ ಹೆಣ್ಣುಮಕ್ಕಳ ಹೆಸರಿಗೆ ಪಹಣಿ ಬರಲಿಲ್ಲ. 2020ರಲ್ಲಿ ತಿದ್ದುಪಡಿ ತಂದು, ಕೃಷಿಕನಲ್ಲದವನೂ ಹೊಲ ಕೊಳ್ಳಬಹುದೆಂದರು. ದುಡ್ಡಿದ್ದವನಿಗೆ ಬೇಲಿ ತೆಗೆದರು. ನಮಗೆ ಹೊಲವೇ ಇರಲಿಲ್ಲ, ಇನ್ನು ಬೇಲಿ ಎಲ್ಲಿಯದು?

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಅಣ್ಣ ಸತ್ತ ಹನ್ನೆರಡು ವರ್ಷಕ್ಕೆ, ಕ್ರಿ.ಪೂ. 121ರಲ್ಲಿ, ತಮ್ಮ ಗಾಯಸ್ ಗ್ರಾಕಸ್‌ನ ಸರದಿ. ಕಾನ್ಸಲ್ ಒಪಿಮಿಯಸ್ ಅವನ ತಲೆಯ ತೂಕಕ್ಕೆ ತೂಕ ಚಿನ್ನ ಕೊಡುವೆನೆಂದು ಸಾರಿದ. ತಲೆ ತಂದವನು ಮಿದುಳು ತೆಗೆದು ಸೀಸ ತುಂಬಿಸಿ ತಂದಿದ್ದನೆಂದು ಚರಿತ್ರಕಾರ ಪ್ಲುಟಾರ್ಕ್ ಬರೆಯುತ್ತಾನೆ. 3,000 ಜನರನ್ನು ಕೊಂದರು. ಹೆಂಡಂದಿರು ಸತ್ತ ಗಂಡಂದಿರಿಗಾಗಿ ಅಳಬಾರದೆಂದು ಆಜ್ಞೆ ಮಾಡಿದರು. ಇಷ್ಟೆಲ್ಲ ಆದ ಮೇಲೆ ಒಪಿಮಿಯಸ್ ಏನು ಮಾಡಿದ ಗೊತ್ತೇ? ಊರ ನಡುವೆ, ಎಲ್ಲರ ಕಣ್ಣಿಗೆ ಬೀಳುವಂತೆ ಒಂದು ಗುಡಿ ಕಟ್ಟಿಸಿದ.

ಸಾಮರಸ್ಯ ದೇವತೆಯ ಗುಡಿ.

ಕೊಂದವನೇ ಕಟ್ಟಿಸಿದ. ಅಳಬಾರದೆಂದು ಬಾಯಿ ಕಟ್ಟಿಸಿದವನೇ ಕಟ್ಟಿಸಿದ.

ಇದನ್ನು ಓದಿದಾಗ ನನ್ನ ಮೈಯೆಲ್ಲ ಉರಿ ಎದ್ದಿತು. ಯಾಕೆಂದರೆ ಆ ಗುಡಿ ನನಗೆ ಗೊತ್ತು. ಅದರೊಳಗೆ ನನ್ನನ್ನು ಕೂರಿಸಿದ್ದರು. ನಮ್ಮ ಸೀಮೆಯ ಒಂದು ಊರಲ್ಲಿ ನನ್ನ ತಮ್ಮನ ವಾರಿಗೆಯ ಹುಡುಗನೊಬ್ಬ ಕಟಿಂಗ್ ಅಂಗಡಿಯ ಕುರ್ಚಿಯ ಮೇಲೆ ಕೂತ. ಅಷ್ಟೇ ಅವನ ಅಪರಾಧ. ಕೂದಲು ಹಿಡಿದು ಹೊರಗೆಳೆದು ಬಡಿದರು. ಬಿಡಿಸಲು ಹೋದ ನನಗೂ ಬಿದ್ದವು. ನನ್ನ ಎಡಗಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ಮರುದಿನ ಶಾಂತಿ ಸಭೆ ಸೇರಿಸಿದರು. ಹೊಡೆದವರು ಕಟ್ಟೆಯ ಮೇಲೆ, ಹೊಡೆಸಿಕೊಂಡವರು ನೆಲದ ಮೇಲೆ. "ಎಲ್ಲಾರೂ ಅಣ್ತಮ್ಮರಂಗ ಇರ್ಬೇಕ್ರಪಾ" ಎಂದು ಅಧಿಕಾರಿಯೊಬ್ಬ ಉಪದೇಶ ಮಾಡಿದ. ಊರಿನ ಶಾಂತಿ ಕೆಡಿಸುವುದಿಲ್ಲವೆಂಬ ಕಾಗದವನ್ನು ನಮ್ಮ ಮುಂದೆ ಇಟ್ಟರು. ನಮ್ಮ ಮುಂದೆ ಮಾತ್ರ ಇಟ್ಟರು. ನಮ್ಮಪ್ಪ, ಜೀತದಲ್ಲಿ ಬೆರಳು ಸವೆದ ನಮ್ಮಪ್ಪ, ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಗೆರೆಗಳೇ ಇಲ್ಲದ ಬರೀ ಮಸಿಯ ಕಲೆ ಬಿತ್ತು.

ನೆತ್ತರು ನಮ್ಮದು. ಹೆಬ್ಬೆಟ್ಟೂ ನಮ್ಮದೇ.

2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಒಂದು ದಲಿತ ಕೂಸು ತನ್ನ ಹುಟ್ಟುಹಬ್ಬದ ದಿನ ಹನುಮಪ್ಪನ ಗುಡಿಯೊಳಗೆ ಓಡಿಹೋಯಿತು. ನಡೆಯಲು ಕಲಿತ ಕಾಲಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರಲಿಲ್ಲ. ಗುಡಿ ಶುದ್ಧಿಗೆಂದು ಊರಿನ ಕೆಲವರು ಆ ಮನೆಯವರಿಗೆ 25,000 ರೂಪಾಯಿ ದಂಡ ಹೇಳಿದರು. ವಿಷಯ ಹೊರಬಿದ್ದ ಮೇಲೆ ಪೊಲೀಸರು ಐವರನ್ನು ಬಂಧಿಸಿದರು. ಮರುವರ್ಷ ಸರ್ಕಾರ ಒಂದು ಯೋಜನೆ ಘೋಷಿಸಿತು. ಆ ಕೂಸಿನ ಹೆಸರಿನ ಮುಂದೆ 'ಸಾಮರಸ್ಯ' ಎಂದು ಸೇರಿಸಿ ಅದಕ್ಕೆ ಹೆಸರಿಟ್ಟಿತು. ನಾನು ಕೇಳುವುದು ಇಷ್ಟೇ: ನಮ್ಮ ಜಿಲ್ಲೆಯ ಎಷ್ಟು ಹನುಮಪ್ಪನ ಗುಡಿಗಳಲ್ಲಿ ನಮ್ಮ ಕೂಸುಗಳು ಇವತ್ತು ಅಂಜದೆ ಹೊಸ್ತಿಲು ದಾಟುತ್ತವೆ?

ಕ್ರಿ.ಶ. 61ರಲ್ಲಿ ರೋಮಿನ ನಗರಾಧಿಪತಿ ಪೆಡಾನಿಯಸ್‌ನನ್ನು ಅವನ ಗುಲಾಮನೊಬ್ಬ ಕೊಂದ. ಕೊಂದವನು ಒಬ್ಬ. ಮನೆಯಲ್ಲಿದ್ದ ಗುಲಾಮರು 400. ಹೆಂಗಸರು, ಮಕ್ಕಳು, ಏನೂ ಅರಿಯದವರು. ಎಲ್ಲರನ್ನೂ ಕೊಲ್ಲಬೇಕೆಂದಿತು ಹಳೆಯ ಕಾನೂನು. ಬೀದಿಯ ಜನ ಕಲ್ಲು ಹಿಡಿದು ವಿರೋಧಿಸಿದರು. ಸೆನೆಟ್ಟು ಕಾನೂನನ್ನೇ ಎತ್ತಿ ಹಿಡಿಯಿತು. ಚಕ್ರವರ್ತಿ ನೀರೋ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ 400 ಜನರನ್ನೂ ಕೊಲ್ಲಿಸಿದ.

2014ರ ಆಗಸ್ಟ್ 28, ಗಂಗಾವತಿ ತಾಲೂಕಿನ ಮರಕುಂಬಿ. ದಲಿತರನ್ನು ಕಟಿಂಗ್ ಅಂಗಡಿ ಮತ್ತು ಹೋಟೆಲಿನೊಳಗೆ ಬಿಡದಿದ್ದ ಊರು ಮೊದಲೇ ಕುದಿಯುತ್ತಿತ್ತು. ಸಿನಿಮಾ ಮಂದಿರದಲ್ಲಿ ನಡೆದ ಒಂದು ಜಗಳ ಕಿಡಿಯಾಯಿತು. ಜಗಳವಾಡಿದವರು ಕೆಲವರು, ಬೆಂಕಿ ಬಿದ್ದದ್ದು ಕೇರಿಯ ಗುಡಿಸಲುಗಳಿಗೆ. ಒಬ್ಬ ತಲೆ ಎತ್ತಿದರೆ ಕೇರಿಗೆ ಕೇರಿಯನ್ನೇ ಸುಡಬೇಕೆಂಬ ಆ ರೋಮನ್ ಕಾನೂನು ನಮ್ಮ ಊರುಗಳಲ್ಲಿ ಬರೆಯದೆಯೇ ಜಾರಿಯಲ್ಲಿದೆ. ಹತ್ತು ವರ್ಷ ಕೋರ್ಟಿನ ಕಟ್ಟೆ ಸವೆಸಿದ ಮೇಲೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 101 ಮಂದಿಯನ್ನು ತಪ್ಪಿತಸ್ಥರೆಂದು ಹೇಳಿ, 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ತೀರ್ಪು ಓದಿ ನಾನು ಅತ್ತೆ. ಮರುತಿಂಗಳೇ ಹೈಕೋರ್ಟು ಬಹುತೇಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಸಾಕ್ಷಿ ನುಡಿದವರು ಅದೇ ಊರಿನ ಬೀದಿಗಳಲ್ಲಿ ನಡೆಯಬೇಕು.

2022ರ ಆಗಸ್ಟಿನಲ್ಲಿ ನಮ್ಮ ಹುಲಿಹೈದರದಲ್ಲೂ ಎರಡು ಗುಂಪುಗಳ ನಡುವೆ ಹೊಡೆದಾಟವಾಗಿ ಎರಡು ಜೀವ ಹೋದವು. ನಿಷೇಧಾಜ್ಞೆ ಬಂತು, ಪೊಲೀಸ್ ವ್ಯಾನುಗಳು ಬಂದವು. ಬೀದಿ ಸುಮ್ಮನಾದ ಮಾತ್ರಕ್ಕೆ ಅದನ್ನು ಶಾಂತಿ ಎನ್ನಬೇಡಿ. ಕ್ರಿ.ಪೂ. 71ರಲ್ಲಿ ಗುಲಾಮ ಸ್ಪಾರ್ಟಕಸ್‌ನ ದಂಗೆ ಮುಗಿದಾಗ ರೋಮಿನ ಸೇನಾಪತಿ ಕ್ರಾಸಸ್ 6,000 ಗುಲಾಮರನ್ನು ಕಾಪುವಾದಿಂದ ರೋಮಿನವರೆಗೆ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದ. ಆ ಹೆದ್ದಾರಿಯೂ ಸುಮ್ಮನಾಗಿತ್ತು.

ಆ ಸುಮ್ಮನಿರುವಿಕೆಯ ಬೆಲೆಯನ್ನು ರೋಮ್ ತೆತ್ತಿತು. ಗೋಥರ ದೊರೆ ಅಲಾರಿಕ್ ಮುತ್ತಿಗೆ ಹಾಕಿದಾಗ ಊರೊಳಗಿನ ಗುಲಾಮರು ಸಾವಿರಾರು ಸಂಖ್ಯೆಯಲ್ಲಿ ಹೊರಬಂದು ಅವನ ಪಾಳೆಯ ಸೇರಿದರು. ಆ ಪಾಳೆಯದಲ್ಲಿ 40,000 ಜನ ಕೂಡಿದ್ದರೆಂದು ಇತಿಹಾಸಕಾರ ಜೋಸಿಮಸ್ ಬರೆದಿದ್ದಾನೆ. ಕ್ರಿ.ಶ. 410ರಲ್ಲಿ ರೋಮ್ ಸೂರೆಯಾಯಿತು. ಹೊರಗಿನ ಅನಾಗರಿಕರು ಬಂದು ಹಾಳು ಮಾಡಿದರೆಂದು ಪುಸ್ತಕ ಬರೆದವರು ಅತ್ತರು. ತನ್ನ ಕೈಕಾಲನ್ನು ತಾನೇ ಸರಪಳಿಯಲ್ಲಿ ಕಟ್ಟಿದ ಊರಿನ ಬಾಗಿಲನ್ನು ಯಾರು ಕಾಯಬೇಕಿತ್ತು?

ಒಪಿಮಿಯಸ್‌ನ ಗುಡಿಯ ಬಗ್ಗೆ ಪ್ಲುಟಾರ್ಕ್ ಇನ್ನೊಂದು ಸಂಗತಿ ಹೇಳುತ್ತಾನೆ. ಗುಡಿ ಎದ್ದ ಮೇಲೆ ಒಂದು ರಾತ್ರಿ ಯಾರೋ ಬಂದು, ಅದರ ಶಾಸನದ ಕೆಳಗೆ ಒಂದು ಸಾಲು ಕೆತ್ತಿ ಹೋದರು. ಈ ಸಾಮರಸ್ಯದ ಗುಡಿ ಯಾವ ಹುಚ್ಚು ಹಗೆತನದ ಫಲವೆಂದು ಸಾರುವ ಸಾಲು. ಕೆತ್ತಿದವನ ಹೆಸರು ಉಳಿದಿಲ್ಲ. ಸಿಕ್ಕಿದ್ದರೆ ಅವನ ತಲೆಗೂ ಬೆಲೆ ಕಟ್ಟುತ್ತಿದ್ದರು. ಗೊತ್ತಿದ್ದೂ ಕೆತ್ತಿದ. ನನ್ನ ಪಾಲಿಗೆ ರೋಮಿನ ಮಹಾಪುರುಷ ಅವನು. ಸೀಸರನಲ್ಲ, ಆಗಸ್ಟಸ್ ಅಲ್ಲ. 1979ರಲ್ಲಿ ಈ ನಾಡಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದವರೂ, ಬಿ. ಕೃಷ್ಣಪ್ಪನವರ ಹಿಂದೆ ದಲಿತ ಸಂಘರ್ಷ ಸಮಿತಿಯ ನೀಲಿ ಬಾವುಟ ಹಿಡಿದು ಹಳ್ಳಿಹಳ್ಳಿ ತಿರುಗಿದವರೂ ಅವನ ಕುಲದವರು. ನಾನೂ ಅವನ ಕುಲದವನು.

ಆದ್ದರಿಂದ ಕೇಳಿ. ಸಾಮರಸ್ಯ ಬೇಡವೆನ್ನುವವನು ನಾನಲ್ಲ. ಕೂಡಿ ಉಣ್ಣುವ ಆಸೆ ಹಸಿದವನಿಗೆ ಇರುವಷ್ಟು ಉಂಡವನಿಗೆ ಇರುವುದಿಲ್ಲ. ಆದರೆ ಮೊದಲು ಹೊಲ ಕೊಡಿ. ಸುಟ್ಟ ಗುಡಿಸಲಿನ ಲೆಕ್ಕ ಕೊಡಿ. ಸಾಕ್ಷಿ ಹೇಳಿದವರಿಗೆ ರಕ್ಷಣೆ ಕೊಡಿ. ಕಟಿಂಗ್ ಅಂಗಡಿಯ ಕುರ್ಚಿ, ಹೋಟೆಲಿನ ಲೋಟ, ಗುಡಿಯ ಹೊಸ್ತಿಲು, ಮದುವೆಯ ಚಪ್ಪರ, ನಾಲ್ಕನ್ನೂ ಬಿಟ್ಟುಕೊಡಿ. ಆಮೇಲೆ ಕಟ್ಟೆಯಿಂದ ಇಳಿದು ಬಂದು ನೆಲದ ಮೇಲೆ ನಮ್ಮ ಸಮಕ್ಕೆ ಕೂತು, ಶಾಂತಿಯ ಕಾಗದಕ್ಕೆ ಮೊದಲು ನಿಮ್ಮ ಹೆಬ್ಬೆಟ್ಟು ಒತ್ತಿ.

ಅಲ್ಲಿಯವರೆಗೆ ನನ್ನ ಸಹಿ ಸಿಗುವುದಿಲ್ಲ.